ಹನ್ನೊಂದು ಹಲ್ಲು, ಮೂವತ್ತೊಂಬತ್ತು ಹಲ್ಲು

ಬನ್ನಿ, ಒಂದು ಪಂದ್ಯ ಕಟ್ಟೋಣ. ಆಳಂದ ತಾಲ್ಲೂಕಿನ ಸರಸಂಬಾದ ರಸ್ತೆ ಬದಿಗೆ ನನ್ನ ಜೊತೆ ನಿಲ್ಲಿ.

ಕಬ್ಬಿನ ಹಂಗಾಮು. ಅಗೋ, ಬಂತು ನೋಡಿ ಕೆಂಪು ಟ್ರ್ಯಾಕ್ಟರ್! ಹಿಂದೆ ಒಂದಲ್ಲ, ಎರಡು ಟ್ರಾಲಿ. ಎರಡರ ಮೇಲೂ ಮನೆಯೆತ್ತರ ಕಬ್ಬು. ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟ ಸವಾರಿ. ಕಬ್ಬು, ಟ್ರಾಲಿ, ಟ್ರ್ಯಾಕ್ಟರ್ ಎಲ್ಲ ಸೇರಿ 18 ಟನ್ ಎನ್ನಿ.

ಅದರ ಹಿಂದೆಯೇ ಹಾರ್ನ್ ಹೊಡೆಯುತ್ತ ಬಂತು ಒಂದು ಪುಟ್ಟ ಆಲ್ಟೋ 800. ಒಳಗೆ ಗಂಡ, ಹೆಂಡತಿ, ಮಗು, ಹಿಂದಿನ ಸೀಟಿನಲ್ಲಿ ಒಂದು ಚೀಲ ತೊಗರಿಬೇಳೆ.

ಈಗ ಹೇಳಿ. ಎರಡರಲ್ಲಿ ಯಾವುದರ ಇಂಜಿನ್‌ಗೆ ಹೆಚ್ಚು ಎಚ್‌ಪಿ?

ಟ್ರ್ಯಾಕ್ಟರ್ ಎಂದಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮಿಬ್ಬರದೂ ತಪ್ಪು!

ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ಕಾಣುವ ಮಹೀಂದ್ರಾ 575 ಡಿಐ ಟ್ರ್ಯಾಕ್ಟರ್‌ನದು 45 ಎಚ್‌ಪಿ. ಆ ಪುಟ್ಟ ಆಲ್ಟೋದ್ದು? 47!

ಮತ್ತೊಮ್ಮೆ ಓದಿಕೊಳ್ಳಿ. ಕಬ್ಬಿನ ಬೆಟ್ಟ ಎಳೆಯುವುದಕ್ಕೆ 45. ಬೇಳೆ ಚೀಲ ಒಯ್ಯುವುದಕ್ಕೆ 47.

ಹಾಗಾದರೆ ಆಲ್ಟೋಗೆ ಆ ಎರಡು ಟ್ರಾಲಿ ಕಟ್ಟಿದರೆ? ಎಳೆಯುವ ಮಾತಿರಲಿ, ಒಂದು ಗೇಣೂ ಅಲುಗದು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ, ಅಷ್ಟೇ. ಅದೇ ಎಚ್‌ಪಿ. ಮತ್ತೆ ಶಕ್ತಿ ಎಲ್ಲಿ ಹೋಯಿತು?

ಕಬ್ಬು ತುಂಬಿಸಿಕೊಂಡು, ಚಹಾ ಕುಡಿಯಲು ನಿಂತಿದ್ದ ಡ್ರೈವರ್ ಒಬ್ಬರನ್ನು ಇದನ್ನೇ ಕೇಳಿದೆ. ಲೋಟ ಕೆಳಗಿಡದೆಯೇ ಅವರು ಹೇಳಿದ ಮಾತಿಗೆ ನಾನು ಬೆರಗಾಗಿ ನಿಂತೆ.

"ಇಂಜಿನ್ ಏನ್ ಎಳಿತದ್ರಿ ಸರ್! ಅದು ಬರೇ ಓಡ್ತದ. ಎಳಿಯೋದು ಗೇರ್!"

ಮೂರೇ ಮೂರು ವಾಕ್ಯ. ಯಂತ್ರಶಾಸ್ತ್ರದ ಒಂದು ಇಡೀ ಅಧ್ಯಾಯ ಅದರಲ್ಲಿ ಮಡಚಿ ಕೂತಿದೆ. ಬಿಚ್ಚೋಣ ಬನ್ನಿ!

ಮೊದಲು ಟಾರ್ಕ್. ಹೆದರಬೇಡಿ, ನಿಮಗದು ಗೊತ್ತಿರುವುದೇ. ಟೈರ್ ಪಂಕ್ಚರ್ ಆಗಿ ನಟ್ಟು ಬಿಚ್ಚುವಾಗ ಪಾನಾ ಹಿಡಿದು ಒತ್ತುತ್ತೀರಲ್ಲ, ಆ ತಿರುಗಿಸುವ ಬಲವೇ ಟಾರ್ಕ್. ನಟ್ಟು ಜಗ್ಗದಿದ್ದರೆ ಏನು ಮಾಡುತ್ತೀರಿ? ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸುತ್ತೀರಿ. ತೋಳು ಉದ್ದವಾದಷ್ಟೂ ಟಾರ್ಕ್ ಹೆಚ್ಚು. ಇಷ್ಟೇ ವಿಷಯ.

ಆಲ್ಟೋದ ಇಂಜಿನ್ ಕೊಡುವ ಅತಿ ಹೆಚ್ಚಿನ ಟಾರ್ಕ್ 69 ನ್ಯೂಟನ್ ಮೀಟರ್. ಕೇಳಲು ಭಾರಿ ಅನ್ನಿಸುತ್ತದೆ, ಅಲ್ಲವೇ? ಇದನ್ನು ಕಣ್ಣಿಗೆ ಕಾಣುವಂತೆ ಹೇಳುತ್ತೇನೆ. ಒಂದು ಮೀಟರ್ ಉದ್ದದ ಸರಳು. ಅದರ ತುದಿಗೆ ಏಳು ಕಿಲೋ ತೂಕ. ಮುಗಿಯಿತು!

ಏಳು ಕಿಲೋ! ಅರ್ಧ ಕೊಡ ನೀರು!

ಇನ್ನೂ ದೊಡ್ಡ ಆಶ್ಚರ್ಯ ಇಲ್ಲಿದೆ. ಸ್ಟೆಪ್ನಿ ಹಾಕುವಾಗ ನೀವು ಪಾನಾದ ಮೇಲೆ ಕಾಲಿಟ್ಟು ನಿಲ್ಲುತ್ತೀರಲ್ಲ? ನಿಮ್ಮ ತೂಕ 60 ಕಿಲೋ, ಪಾನಾದ ಉದ್ದ 25 ಸೆಂಟಿಮೀಟರ್ ಇದ್ದರೆ ಆ ಕ್ಷಣ ನೀವು ಕೊಡುತ್ತಿರುವ ಟಾರ್ಕ್ ಎಷ್ಟು ಗೊತ್ತೇ? ಕಾರಿನ ಇಂಜಿನ್‌ನ ಎರಡು ಪಟ್ಟು!

ಹೌದು, ನೀವು! ಇಂಜಿನ್‌ಗಿಂತ ಬಲಶಾಲಿ!

ಪಾನಾ ಇನ್ನೊಂದೈದು ಸೆಂಟಿಮೀಟರ್ ಉದ್ದವಿದ್ದರೆ ನೀವು ಟ್ರ್ಯಾಕ್ಟರ್‌ಗೂ ಸವಾಲು ಹಾಕಬಹುದು. 1,900 ಸುತ್ತಿನ ವೇಗದಲ್ಲಿ 45 ಎಚ್‌ಪಿ ಎಂದರೆ ಸುಮಾರು 170 ನ್ಯೂಟನ್ ಮೀಟರ್. ಒಂದು ಮೀಟರ್ ಸರಳಿನ ತುದಿಗೆ 17 ಕಿಲೋ. 30 ಸೆಂಟಿಮೀಟರ್ ಪಾನಾದ ಮೇಲೆ ನಿಂತ 60 ಕಿಲೋದ ಮನುಷ್ಯ? 18! ಮನುಷ್ಯನೇ ಗೆದ್ದ!

ಮತ್ತೆ ನಮ್ಮನ್ನೇ ಕಬ್ಬಿನ ಟ್ರಾಲಿಗೆ ಯಾಕೆ ಕಟ್ಟುವುದಿಲ್ಲ? ಏಕೆಂದರೆ ನಾವು ಪಾನಾವನ್ನು ಕಾಲು ಸುತ್ತು ತಿರುಗಿಸಿ ಉಸಿರು ಬಿಡುತ್ತೇವೆ. ಇಂಜಿನ್ ಅದನ್ನೇ ನಿಮಿಷಕ್ಕೆ 1,900 ಸಲ ಮಾಡುತ್ತದೆ. ಬೆಳಗಿನಿಂದ ಸಂಜೆಯವರೆಗೆ. ಬೇಸರವಿಲ್ಲದೆ.

ಡ್ರೈವರ್ ಹೇಳಿದ್ದು ಇದನ್ನೇ! ಇಂಜಿನ್ ಪೈಲ್ವಾನ ಅಲ್ಲ, ಓಟಗಾರ. ಅದರ ಹತ್ತಿರ ಇರುವುದು ವೇಗ. ನಮಗೆ ಬೇಕಾದದ್ದು ಎಳೆತ. ವೇಗ ಕೊಟ್ಟು ಎಳೆತ ಕೊಳ್ಳುವ ಸಂತೆ ಒಂದು ಬೇಕು. ಆ ಸಂತೆಯೇ ಗೇರ್‌ಬಾಕ್ಸ್!

ಆ ಸಂತೆಯ ಒಳಗೆ ಇಣುಕಿ ನೋಡುವ ಭಾಗ್ಯ ನನಗೆ ಒಂದು ಮಧ್ಯಾಹ್ನ ಸಿಕ್ಕಿತು.

ಆಳಂದದ ಒಂದು ಗ್ಯಾರೇಜು. ತಗಡಿನ ಚಪ್ಪರ. ಬೆಂಚಿನ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಒಂದು ಸಣ್ಣ ಕಾರಿನ ಗೇರ್‌ಬಾಕ್ಸ್ ಬಿಚ್ಚಿಟ್ಟಿದ್ದರು. ಹಳೆಯ ಗೇರ್ ಆಯಿಲಿನ ಘಾಟು ಗಂಟಲಿಗೇ ಇಳಿಯುತ್ತಿತ್ತು. ಮಿಸ್ತ್ರಿ ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್‌ನಿಂದ ಗಾಲಿಗಳನ್ನು ಒಂದೊಂದಾಗಿ ಉಜ್ಜಿದರು. ಕಪ್ಪು ಜಾರಿತು. ಒಳಗಿಂದ ಉಕ್ಕು ಹೊಸ ಬೆಳ್ಳಿ ಕಾಲ್ಗಡಗದ ಹಾಗೆ ಹೊಳೆಯಿತು!

ಎರಡು ಗಾಲಿಗಳನ್ನು ಅವರು ನನ್ನ ಮುಂದೆ ಜೋಡಿಸಿಟ್ಟರು. ಒಂದು ಪುಟ್ಟದು, ಇನ್ನೊಂದು ದೊಡ್ಡದು. "ಇದ ನೋಡ್ರಿ ಫಸ್ಟ್ ಗೇರ್. ಹಲ್ಲ ಎಣಸ್ರಿ," ಎಂದರು.

ಎಣಿಸಿದೆ. ಪುಟ್ಟದಕ್ಕೆ 11. ದೊಡ್ಡದಕ್ಕೆ 39.

ಪುಟ್ಟದು ಇಂಜಿನ್ ಕಡೆಗೆ. ದೊಡ್ಡದು ಚಕ್ರದ ಕಡೆಗೆ. ಪುಟ್ಟದು ಮೂರೂವರೆ ಸುತ್ತು ಸುತ್ತಿದರೆ ದೊಡ್ಡದು ಒಂದೇ ಸುತ್ತು. ವೇಗ ಮೂರೂವರೆ ಪಾಲು ಇಳಿಯಿತು. ಹಲ್ಲು ಹಲ್ಲಿಗೆ ಒತ್ತುವ ಬಲವೋ ಎರಡೂ ಕಡೆ ಒಂದೇ. ಆದರೆ ದೊಡ್ಡ ಗಾಲಿಯಲ್ಲಿ ಆ ಬಲ ನಡುವಿನಿಂದ ದೂರ ನಿಂತು ಒತ್ತುತ್ತದೆ. ಉದ್ದನೆಯ ಪೈಪು ನೆನಪಾಯಿತೇ? ಅದೇ ಇದು! ಟಾರ್ಕ್ ಮೂರೂವರೆ ಪಟ್ಟು ಏರಿತು. ಪಾನಾಕ್ಕೆ ಸಿಕ್ಕಿಸಿದ ಪೈಪನ್ನೇ ಗುಂಡಗೆ ಮಾಡಿ, ಹಲ್ಲು ಕೆತ್ತಿ, ನಿಲ್ಲದೆ ತಿರುಗುವ ಹಾಗೆ ಮಾಡಿದ್ದಾರೆ!

ನಾನು ಹಿಗ್ಗುತ್ತಿರುವಾಗಲೇ ಮಿಸ್ತ್ರಿ ಬಿಳಿ ಚಾಕ್ ತೆಗೆದರು. ಪುಟ್ಟ ಗಾಲಿಯ ಒಂದು ಹಲ್ಲಿಗೆ ಗುರುತು. ಅದು ಕೂಡಿದ ಜಾಗದಲ್ಲಿ ದೊಡ್ಡ ಗಾಲಿಗೂ ಒಂದು ಗುರುತು. ಎರಡು ಚಾಕ್ ಗೆರೆ ಎದುರುಬದುರು.

"ಈಗ ಹೇಳ್ರಿ," ಎಂದರು. "ಈ ಎರಡು ಗುರುತು ಮತ್ತ ಹಿಂಗೇ ಕೂಡಬೇಕಂದ್ರ ಸಣ್ಣದು ಎಷ್ಟ್ ಸುತ್ತು ತಿರುಗಬೇಕು?"

ನೀವೂ ಊಹಿಸಿ. ನಾಲ್ಕು? ಏಳು? ಹನ್ನೊಂದು? ಉತ್ತರವನ್ನು ಈಗಲೇ ಹೇಳುವುದಿಲ್ಲ. ನಿಮ್ಮ ಊಹೆಯನ್ನು ಅಂಗೈಯಲ್ಲಿ ಬರೆದಿಟ್ಟುಕೊಳ್ಳಿ!

ಈಗ ಕಾರಿನಲ್ಲಿ ಕೂರಿ. ಗೇರ್‌ಬಾಕ್ಸ್‌ನ ಮೂರೂವರೆ ಪಟ್ಟಿನ ಮೇಲೆ ಮುಂದೆ ಇನ್ನೊಂದು ಜೋಡಿ ಗಾಲಿ ಇದೆ. ಅದು ಮತ್ತೆ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು ಮಾಡುತ್ತದೆ. ಒಟ್ಟು ಸುಮಾರು 15 ಪಟ್ಟು. ಅರ್ಧ ಕೊಡ ನೀರಿನ ಟಾರ್ಕ್ ಚಕ್ರ ಮುಟ್ಟುವ ಹೊತ್ತಿಗೆ ನೂರು ಕಿಲೋ ಮೂಟೆಯಾಗಿದೆ!

ಇದು ಟೈರ್ ಮೂಲಕ ರಸ್ತೆಗೆ ಇಳಿದಾಗ ಕಾರನ್ನು ಮುಂದಕ್ಕೆ ತಳ್ಳುವ ಬಲ ಎಷ್ಟು? ಸ್ಥೂಲ ಲೆಕ್ಕ ಹಾಕಿ ನೋಡಿದೆ. ಮೊದಲನೇ ಗೇರ್‌ನಲ್ಲಿ 390 ಕಿಲೋ ತೂಕದಷ್ಟು. ಎರಡನೆಯದರಲ್ಲಿ 210. ಮೂರನೆಯದರಲ್ಲಿ 145. ಐದನೆಯದರಲ್ಲಿ?

90! ಬರೀ 90!

ಇಂಜಿನ್ ಅದೇ. ಪೆಟ್ರೋಲ್ ಅದೇ. ಕಾಲು ಅದೇ ಆಕ್ಸಿಲರೇಟರ್ ಮೇಲೆ ಅಷ್ಟೇ ಒತ್ತಿದೆ. ಬಲ ಮಾತ್ರ ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕಡಿಮೆ!

ನಾವು ಪಿಕಪ್ ಪಿಕಪ್ ಅನ್ನುತ್ತೇವಲ್ಲ, ಅದರ ಗುಟ್ಟು ಇದೇ. ಮೊದಲ ಗೇರ್‌ನಲ್ಲಿ ಬೆನ್ನು ಸೀಟಿಗೆ ಅಂಟುತ್ತದೆ. ಎರಡಕ್ಕೆ ಹಾಕಿದ ಕೂಡಲೇ ಆ ತಳ್ಳು ಅರ್ಧಕ್ಕೆ ಇಳಿಯುತ್ತದೆ. ಐದಕ್ಕೆ ಬರುವ ಹೊತ್ತಿಗೆ ಬೆನ್ನಿಗೆ ಏನೂ ತಿಳಿಯದು. ನಿಮ್ಮ ಬೆನ್ನೇ ಅಳತೆಯ ಯಂತ್ರ!

ಹಾಗಾದರೆ ಮೊದಲ ಗೇರ್‌ನಲ್ಲೇ ಕಲಬುರಗಿವರೆಗೂ ಹೋದರಾಯಿತಲ್ಲ? ಹೋಗಿ ನೋಡೋಣ! ಇಂಜಿನ್ 6,000 ಸುತ್ತು ಮುಟ್ಟಿ ಕಿರುಚುವಾಗ ಸ್ಪೀಡೋಮೀಟರ್ ತೋರಿಸುವುದು 40ರ ಆಸುಪಾಸು. ಅದೇ ಗೇರ್‌ನಲ್ಲಿ 100 ಕಿಲೋಮೀಟರ್ ವೇಗ ಬೇಕೆಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು, ಊಹಿಸಿ.

ಹದಿನಾಲ್ಕು ಸಾವಿರಕ್ಕೂ ಹೆಚ್ಚು! ಅಷ್ಟರಲ್ಲಿ ಪಿಸ್ಟನ್, ವಾಲ್ವ್ ಎಲ್ಲ ಚೂರುಚೂರು. ಐದನೇ ಗೇರ್‌ನಲ್ಲಿ ಅದೇ 100ಕ್ಕೆ 3,300 ಸುತ್ತು ಸಾಕು. ಎಳೆತ ಕೊಟ್ಟು ವೇಗ ಕೊಂಡಿರಿ. ಸಂತೆಯ ವ್ಯಾಪಾರ ಈಗ ತಿರುವುಮುರುವು!

ಈ ವ್ಯಾಪಾರದಲ್ಲಿ ಲಾಭವಂತೂ ಇಲ್ಲವೇ ಇಲ್ಲ. ಎಚ್‌ಪಿ ಎಂಬ ಗಂಟು ಇಂಜಿನ್ ಕೊಟ್ಟಷ್ಟೇ. ಗೇರ್ ಅದಕ್ಕೆ ಒಂದು ಕಾಸೂ ಸೇರಿಸಲಾರದು. ದಾರಿಯಲ್ಲಿ ಆಯಿಲ್ ಬಿಸಿಯಾಗಿ ಸ್ವಲ್ಪ ಸೋರುವುದೂ ಉಂಟು. ಇದ್ದ ಗಂಟನ್ನೇ ಎಳೆತವಾಗಿಯೋ ಓಟವಾಗಿಯೋ ಚಿಲ್ಲರೆ ಮಾಡಿಕೊಡುವುದಷ್ಟೇ ಅದರ ಕೆಲಸ.

ಈಗ ಎಂಟು ಮೀಟರ್ ದೂರಕ್ಕೆ ಒಂದು ಮೀಟರ್ ಏರುವ ಚಡಾವು ಎದುರಾಯಿತು ಎನ್ನಿ. ಜನ ಸೇರಿ 900 ಕಿಲೋ ತೂಗುವ ಕಾರನ್ನು ಭೂಮಿ 112 ಕಿಲೋ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಐದನೇ ಗೇರ್ ಹತ್ತಿರ ಇರುವುದು 90. ಸೋಲು ಖಚಿತ! ಮೂರಕ್ಕೆ ಇಳಿಸಿ, 145. ಗೆದ್ದಿರಿ!

ಏರು ಏರಬೇಕೇ? ಗೇರ್ ಇಳಿಸಿ. ಇದಕ್ಕಿಂತ ಚೆಂದದ ವಿರೋಧಾಭಾಸ ನಾನಂತೂ ಕಂಡಿಲ್ಲ!

ಈ ಪಾಠವನ್ನು ಜಗತ್ತು ಕಲಿತದ್ದು ಯಾರಿಂದ ಗೊತ್ತೇ? ಒಬ್ಬ ತಾಯಿಯಿಂದ!

1888ರ ಆಗಸ್ಟ್. ಜರ್ಮನಿಯ ಮ್ಯಾನ್‌ಹೈಮ್. ಬರ್ತಾ ಬೆಂಜ್ ಎಂಬಾಕೆ ಗಂಡನಿಗೆ ಹೇಳದೆ, ಅವನೇ ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿ ಏರಿದಳು. ಜೊತೆಗೆ ಇಬ್ಬರು ಹುಡುಗರು. ಹೊರಟಿದ್ದು ತವರಿಗೆ, ಫೋರ್ಟ್ಸ್‌ಹೈಮ್ ಊರಿಗೆ. ನೂರು ಕಿಲೋಮೀಟರ್ ಮೀರಿದ ಹಾದಿ! ಅಷ್ಟು ದೂರ ಮೋಟಾರು ಗಾಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ. ಬಯಲಿನಲ್ಲಿ ಗಾಡಿ ಓಡಿತು. ಗುಡ್ಡ ಬಂತು, ನಿಂತಿತು! ಮಕ್ಕಳು ಇಳಿದು ತಳ್ಳಿದರು. ಮತ್ತೆ ಗುಡ್ಡ, ಮತ್ತೆ ತಳ್ಳು.

ತಿರುಗಿ ಬಂದವಳು ಗಂಡ ಕಾರ್ಲ್ ಬೆಂಜ್‌ಗೆ ಹೇಳಿದ್ದು: ಏರು ಹತ್ತಲು ಇನ್ನೊಂದು ಗೇರ್ ಬೇಕು. ಗಾಡಿಗೆ ಆ ಗೇರ್ ಬಂತು! ಗುಡ್ಡದ ಬುಡದಲ್ಲಿ ಬೆವರು ಸುರಿಸಿದ ಆ ಇಬ್ಬರು ಹುಡುಗರಿಗೆ ನಾವು ಪ್ರತಿ ಚಡಾವಿನಲ್ಲೂ ಋಣಿಗಳು.

ಇನ್ನೊಂದು ಪ್ರಶ್ನೆ! ಕಾರು ರಿವರ್ಸ್ ತೆಗೆಯುವಾಗ 'ವೂಂ...' ಎಂದು ಒಂದು ಅಳುವ ದನಿ ಬರುತ್ತದೆ. ಮುಂದೆ ಹೋಗುವಾಗ ಅದು ಇಲ್ಲ. ಯಾಕೆ?

ಆ ಗ್ಯಾರೇಜಿನ ಬೆಂಚಿನ ಮೇಲೆ ಉತ್ತರ ಬರಿಗಣ್ಣಿಗೆ ಕಾಣುತ್ತಿತ್ತು. ಮುಂದಿನ ಗೇರ್‌ಗಳ ಹಲ್ಲುಗಳೆಲ್ಲ ಓರೆ. ಹುರಿ ಹಗ್ಗದ ಎಳೆಯ ಹಾಗೆ ಓರೆಯಾಗಿ ಕೆತ್ತಿದವು. ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಮೆಲ್ಲಗೆ ಹಿಡಿಯುತ್ತದೆ, ಸದ್ದೇ ಇಲ್ಲ. ರಿವರ್ಸ್ ಗಾಲಿಯ ಹಲ್ಲು ಮಾತ್ರ ನೆಟ್ಟಗೆ! ಇಡೀ ಹಲ್ಲು ಒಮ್ಮೆಲೇ ಬಂದು ಬಡಿಯುತ್ತದೆ. ಸೆಕೆಂಡಿಗೆ ನೂರಾರು ಬಡಿತ. ಆ ಬಡಿತಗಳೇ ಸೇರಿ ನಮಗೆ ಕೇಳುವ 'ವೂಂ'. ಅದು ಯಂತ್ರದ ರೋಗ ಅಲ್ಲ, ಹಲ್ಲಿನ ಆಕಾರದ ಹಾಡು!

ಮತ್ತೂ ಒಂದಿದೆ. ನಾನು ಇಷ್ಟು ವರ್ಷ ನಂಬಿದ್ದೆ, ಗೇರ್ ಬದಲಿಸುವುದೆಂದರೆ ಒಂದು ಗಾಲಿ ಬಿಡಿಸಿ ಇನ್ನೊಂದು ಗಾಲಿಗೆ ಕೂಡಿಸುವುದು ಎಂದು. ಅಲ್ಲವೇ ಅಲ್ಲ! ಮುಂದಿನ ಗೇರ್‌ಗಳ ಜೋಡಿಗಳೆಲ್ಲ ಯಾವಾಗಲೂ ಕೂಡಿಯೇ ಇರುತ್ತವೆ. ಐದೂ ಜೋಡಿ, ಸದಾ, ಹಲ್ಲಿಗೆ ಹಲ್ಲು ಕಚ್ಚಿಕೊಂಡು ತಿರುಗುತ್ತಲೇ ಇರುತ್ತವೆ! ಪ್ರತಿ ಜೋಡಿಯ ಒಂದು ಗಾಲಿ ಶಾಫ್ಟಿನ ಮೇಲೆ ಸಡಿಲವಾಗಿ ಉರುಳುತ್ತಿರುತ್ತದೆ, ಅಷ್ಟೇ. ನೀವು ಗೇರ್ ಕಡ್ಡಿ ತಳ್ಳಿದಾಗ ಒಂದು ತೋಳುಬಳೆಯಂಥ ಉಂಗುರ ಸರಿದು, ಬೇಕಾದ ಒಂದು ಗಾಲಿಯನ್ನು ಮಾತ್ರ ಶಾಫ್ಟಿಗೆ ಬಿಗಿಯುತ್ತದೆ. ಮಿಸ್ತ್ರಿ ಅದನ್ನು ಬೆರಳಿನಿಂದ ಸರಿಸಿ ತೋರಿಸಿದರು. 'ಟಕ್!' ಒಂದು ಬಿಗಿಯಿತು. 'ಟಕ್!' ಎರಡು ಬಿಗಿಯಿತು. ಪಕ್ಕದಲ್ಲಿ ಹಳದಿ ಹಿತ್ತಾಳೆಯ ತೆಳು ಬಳೆ. ಬಿಗಿಯುವ ಮುಂಚೆ ಗಾಲಿ, ಶಾಫ್ಟು ಎರಡರ ವೇಗವನ್ನೂ ತಿಕ್ಕಿ ಸಮ ಮಾಡುವುದು ಅದೇ, ಸಿಂಕ್ರೊ. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂದಾಗ ಜನ ನಿಟ್ಟುಸಿರು ಬಿಟ್ಟಿರಬೇಕು. ಅಲ್ಲಿಯವರೆಗೆ ಗೇರ್ ಹಾಕುವುದೇ ಒಂದು ಕುಸ್ತಿ.

ಕನ್ನಡ ನಾಡಿನ ಬೆರಗು ಬೇಕೇ? ಮೈಸೂರಿಗೆ ಬನ್ನಿ! 1961ರಿಂದ 1996ರವರೆಗೆ ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದವರನ್ನು ಕೇಳಿ: ಕಿಕ್ಕರ್ ಎಲ್ಲಿ? ಗೇರ್ ಕಡ್ಡಿ ಎಲ್ಲಿ? ಎರಡೂ ಒಂದೇ! ಅದೇ ಕಡ್ಡಿಯನ್ನು ಮೇಲಕ್ಕೆತ್ತಿ ಒದ್ದರೆ ಗಾಡಿ ಚಾಲೂ. ಕೆಳಗೆ ತಂದು ಒತ್ತಿದರೆ ಗೇರ್!

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಕಾರ್ಖಾನೆ 2004ರಿಂದ ಗೇರ್‌ಬಾಕ್ಸ್ ಕಟ್ಟಿ ಹೊರದೇಶಗಳಿಗೂ ಕಳಿಸುತ್ತಿದೆ. ಸಮುದ್ರದಾಚೆಯ ಯಾವುದೋ ಊರಿನಲ್ಲಿ ಏರು ಹತ್ತುತ್ತಿರುವ ಗಾಡಿಯೊಳಗೆ ರಾಮನಗರದ ಪಕ್ಕದಲ್ಲಿ ಜೋಡಿಸಿದ ಹಲ್ಲುಗಳು ಕಚ್ಚಿಕೊಂಡಿರಬಹುದು. ನೆನೆದರೆ ಮೈ ಜುಮ್ಮೆನ್ನುತ್ತದೆ!

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಓಡುವುದು ಸರಸಂಬಾದ ಆ ಟ್ರ್ಯಾಕ್ಟರ್‌ಗೇ. ಅಸಲು ಸಂಖ್ಯೆಯನ್ನು ನಿಮಗೆ ಇನ್ನೂ ಹೇಳಿಲ್ಲ.

ಕಾರು ಮೊದಲ ಗೇರ್‌ನಲ್ಲಿ ಟಾರ್ಕನ್ನು 15 ಪಟ್ಟು ಮಾಡುತ್ತದೆ ಎಂದೆನಲ್ಲ. ಟ್ರ್ಯಾಕ್ಟರ್ ಎಷ್ಟು ಪಟ್ಟು ಮಾಡುತ್ತದೆ? ಮೂವತ್ತು? ಐವತ್ತು? ಹೇಳಿ, ಹೇಳಿ!

ನಾನೇ ಲೆಕ್ಕ ಹಾಕಿದೆ. ಮುಂದಕ್ಕೆ ಎಂಟು ಗೇರ್, ಹಿಂದಕ್ಕೆ ಎರಡು. ಲೋ ಕಡ್ಡಿ ಹಾಕಿ ಒಂದನೇ ಗೇರ್‌ಗೆ ಬಿಟ್ಟರೆ ಗಂಟೆಗೆ ಸುಮಾರು ಮೂರು ಕಿಲೋಮೀಟರ್ ನಡಿಗೆ. ಅಂದರೆ ನಿಮಿಷಕ್ಕೆ 50 ಮೀಟರ್. ಎದೆಯೆತ್ತರದ ಹಿಂದಿನ ಟೈರ್ ಒಂದು ಸುತ್ತಿಗೆ ನಾಲ್ಕು ಮೀಟರ್ ಮೇಲೆ ಕ್ರಮಿಸುತ್ತದೆ. ನಿಮಿಷಕ್ಕೆ ಹನ್ನೆರಡೇ ಸುತ್ತು. ಅತ್ತ ಇಂಜಿನ್ 1,900 ಸುತ್ತು!

ಭಾಗಿಸಿ ನೋಡಿ. ಸುಮಾರು 160 ಪಟ್ಟು!

ನೂರಾ ಅರವತ್ತು! ಗೇರ್‌ಬಾಕ್ಸ್‌ನಲ್ಲಿ ಒಂದಿಷ್ಟು, ಕ್ರೌನ್‌ನಲ್ಲಿ ಇನ್ನೊಂದಿಷ್ಟು, ಚಕ್ರದ ಪಕ್ಕದ ಕೊನೆಯ ದೊಡ್ಡ ಗಾಲಿಯಲ್ಲಿ ಮತ್ತಷ್ಟು. ಮೀಟರ್ ಸರಳಿನ ತುದಿಯ ಆ 17 ಕಿಲೋ ಚಕ್ರಕ್ಕೆ ಬರುವ ಹೊತ್ತಿಗೆ ಎರಡೂ ಮುಕ್ಕಾಲು ಟನ್! ಸೋರಿದ್ದು ಹೋಗಲಿ, ಎರಡು ಟನ್‌ಗಂತೂ ಮೋಸವಿಲ್ಲ.

ಪಾನಾದ ಮೇಲೆ ನಿಂತ ಮನುಷ್ಯನ ಬಲ ಆನೆಯ ತೂಕವಾಯಿತು. ಬರೀ ಹಲ್ಲುಗಳಿಂದ!

ಇಷ್ಟು ಬಲ ಬಂದರೆ ಏನಾಗುತ್ತದೆ? ಮುಂದಿನ ತೊಂದರೆ ಇಂಜಿನ್‌ನದ್ದಲ್ಲ, ಭೂಮಿಯದ್ದು! ಹಿಂದಿನ ಚಕ್ರ ನೆಲವನ್ನು ಅಷ್ಟು ಬಲವಾಗಿ ಒದ್ದರೆ ನೆಲ ತಡೆದುಕೊಳ್ಳಬೇಕಲ್ಲ? ಜೇವರ್ಗಿ ಕಡೆಯ ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ ನೋಡಿ. ಚಕ್ರ ಗರಗರ ತಿರುಗುತ್ತದೆ, ಟ್ರ್ಯಾಕ್ಟರ್ ಇದ್ದಲ್ಲೇ ಹೂಳುತ್ತದೆ. ಟಾರ್ಕ್ ಬೇಕಾದಷ್ಟಿದೆ, ಹಿಡಿಯಲು ನೆಲ ಇಲ್ಲ!

ನೆಲ ಗಟ್ಟಿ ಇದ್ದರೆ? ಇನ್ನೂ ವಿಸ್ಮಯ! ಚಕ್ರ ಜಾರುವುದಿಲ್ಲ, ಲೋಡು ಮುಂದೆ ಬರುವುದಿಲ್ಲ. ಆಗ ಆ ತಿರುಗುಬಲ ಟ್ರ್ಯಾಕ್ಟರ್‌ನ ಮೂತಿಯನ್ನೇ ಎತ್ತುತ್ತದೆ! ಮುಂದಿನ ಭಾಗದ ತೂಕ ಎಂಟುನೂರು ಕಿಲೋ, ಅದು ಹಿಂದಿನ ಅಚ್ಚಿನಿಂದ ಎರಡು ಮೀಟರ್ ದೂರ ಎಂದರೆ, ಅದನ್ನೆತ್ತಲು ಬೇಕಾದದ್ದು ಮೀಟರ್ ಸರಳಿನ ತುದಿಯ 1,600 ಕಿಲೋ. ಚಕ್ರದ ಹತ್ತಿರ ಇರುವುದೋ ಎರಡು ಟನ್ ಮೇಲೆ. ತನ್ನ ತಲೆಯನ್ನು ತಾನೇ ಎತ್ತಬಲ್ಲ ಯಂತ್ರ!

ಕಬ್ಬಿನ ಟ್ರ್ಯಾಕ್ಟರ್‌ಗಳ ಮುಂದೆ ಕಬ್ಬಿಣದ ತೂಕ ಕಟ್ಟಿರುವುದನ್ನು ನೋಡಿದ್ದೀರಲ್ಲ, ಅದು ಇದಕ್ಕೇ. ಕೆಲವರು ಹುಡುಗರನ್ನು ಬಾನೆಟ್ ಮುಂದೆ ಕೂರಿಸುತ್ತಾರೆ. ದಯವಿಟ್ಟು ಬೇಡ. ಮೂತಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಒಂದೆರಡು ಕ್ಷಣ ಸಾಕು.

ಲೋಡು ಕಟ್ಟಿದ ಟ್ರ್ಯಾಕ್ಟರ್‌ನಲ್ಲಿ ಚಡಾವಿನ ನಡುವೆ ಗೇರ್ ಬದಲಿಸುವಂತೆಯೂ ಇಲ್ಲ. ಕ್ಲಚ್ ಒತ್ತಿದ ಕ್ಷಣಕ್ಕೇ 18 ಟನ್ ಹಿಂದಕ್ಕೆ ಜಗ್ಗುತ್ತದೆ. ನೂರು ಮೀಟರಿಗೆ ಐದೇ ಮೀಟರ್ ಏರುವ ಸಣ್ಣ ದಿಬ್ಬದಲ್ಲೂ ಆ ಜಗ್ಗು 900 ಕಿಲೋ! ಆದ್ದರಿಂದ ಬುಡದಲ್ಲೇ ನಿರ್ಧಾರ. ಚಹಾ ಮುಗಿಸಿದ ಡ್ರೈವರ್ ಮಾಡಿದ್ದೂ ಅದನ್ನೇ. ಸೀಟಿಗೆ ಏರಿದರು. ಒಮ್ಮೆ ದಿಬ್ಬ ನೋಡಿದರು. ಒಮ್ಮೆ ಹಿಂದಿರುಗಿ ಕಬ್ಬು ನೋಡಿದರು. ಸಣ್ಣ ಕಡ್ಡಿಯನ್ನು ಲೋಗೆ ಎಳೆದರು. ದೊಡ್ಡ ಕಡ್ಡಿಯನ್ನು ಎರಡಕ್ಕೆ ಹಾಕಿದರು. ಕ್ಲಚ್ಚಿನ ಮೇಲಿನ ಕಾಲು ಮೆಲ್ಲಗೆ, ಬಹಳ ಮೆಲ್ಲಗೆ ಮೇಲೆದ್ದಿತು. ಚೈನು ಬಿಗಿಯಾಯಿತು. ಮೊದಲ ಟ್ರಾಲಿ ಕಿರುಗುಟ್ಟಿತು. ಎರಡನೆಯದು ಕಿರುಗುಟ್ಟಿತು. ಹೊರಟಿತು!

ಪಕ್ಕದಲ್ಲಿ ನಾನು ಸುಮ್ಮನೆ ನಡೆದುಕೊಂಡೇ ಜೊತೆಗೆ ಹೋಗಬಹುದಿತ್ತು. ಆ ವೇಗ ನನಗೆ ಎಲ್ಲೋ ಕಂಡಹಾಗಿದೆ ಅನ್ನಿಸಿತು. ಎಲ್ಲಿ?

ಎತ್ತಿನ ಬಂಡಿ! ಎತ್ತಿನ ನಡಿಗೆ!

ಒಂದು ಜೋಡಿ ಎತ್ತು ದಿನವಿಡೀ ದುಡಿಯುವಾಗ ಕೊಡುವುದು ಹೆಚ್ಚೂಕಡಿಮೆ ಒಂದು ಎಚ್‌ಪಿ. ಆದರೆ ಎತ್ತಿಗೆ ಗೇರ್‌ಬಾಕ್ಸ್ ಯಾಕೆ ಬೇಡ? ಬಂಡಿ ಕೆಸರಿನಲ್ಲಿ ಹೂತಾಗ ನೆನಪಿಸಿಕೊಳ್ಳಿ. ಎತ್ತು ನಿಂತಲ್ಲೇ ಮೊಣಕಾಲೂರಿ, ಕೊರಳು ಮುಂದಕ್ಕೆ ಚಾಚಿ, ಅತಿ ಹೆಚ್ಚಿನ ಬಲ ಹಾಕುತ್ತದೆ. ನಿಂತಲ್ಲೇ! ಇಂಜಿನ್‌ಗೆ ಅದು ಆಗದು. ನಿಂತ ಇಂಜಿನ್‌ನ ಟಾರ್ಕ್ ಸೊನ್ನೆ. ಕೆಲವು ನೂರು ಸುತ್ತು ತಿರುಗದೆ ಅದಕ್ಕೆ ಜೀವವೇ ಇಲ್ಲ. ಅದಕ್ಕೇ ಕ್ಲಚ್, ಅದಕ್ಕೇ ಗೇರ್!

ಎತ್ತಿನ ಈ ಗುಣ ಇರುವ ಇನ್ನೊಂದು ಯಂತ್ರ ಇದೆ. ಯಾವುದು ಹೇಳಿ?

ಕರೆಂಟಿನ ಮೋಟಾರು! ಸೊನ್ನೆ ಸುತ್ತಿನಲ್ಲೂ ಪೂರ್ತಿ ಎಳೆತ. ಬೆಂಗಳೂರಿನಲ್ಲಿ 2001ರಲ್ಲೇ ರಸ್ತೆಗಿಳಿದ ರೇವಾ ಕಾರಿಗೆ ಗೇರ್ ಬದಲಿಸುವ ಕಡ್ಡಿಯೂ ಇರಲಿಲ್ಲ, ಕ್ಲಚ್ಚೂ ಇರಲಿಲ್ಲ. ಕಲಬುರಗಿ ಸ್ಟೇಷನ್ನಿನಿಂದ ಹೊರಡುವ ಎಲೆಕ್ಟ್ರಿಕ್ ರೈಲನ್ನು ಗಮನಿಸಿ. ಇಪ್ಪತ್ತಕ್ಕೂ ಹೆಚ್ಚು ಬೋಗಿ. ಒಂದು ಜರ್ಕ್ ಇಲ್ಲ, ಗೇರ್ ಬದಲಿಸುವ ಸದ್ದಿಲ್ಲ. ಮೋಟಾರಿನ ಪುಟ್ಟ ಗಾಲಿ, ಅಚ್ಚಿನ ದೊಡ್ಡ ಗಾಲಿ, ಒಂದೇ ಜೋಡಿ. ಹೊರಡುವುದಕ್ಕೂ ಅದೇ, ಓಡುವುದಕ್ಕೂ ಅದೇ! ಇಷ್ಟು ಹೊಸ ಯಂತ್ರ ಎತ್ತಿನ ಕುಲಕ್ಕೆ ಸೇರಿದ್ದೆಂದು ನನಗೆ ಮೊದಲೇ ಯಾರೂ ಹೇಳಲಿಲ್ಲವಲ್ಲ!

ಹಾಂ, ಅಂಗೈ ತೋರಿಸಿ. ನಿಮ್ಮ ಊಹೆ ಎಷ್ಟು ಬರೆದಿರಿ?

ಗ್ಯಾರೇಜಿನಲ್ಲಿ ನಾನು ಹೇಳಿದ್ದು ನಾಲ್ಕು ಸುತ್ತು. ಮಿಸ್ತ್ರಿ ನಕ್ಕು, "ತಿರುಗಿಸ್ರಿ," ಎಂದರು. ಬೆರಳಿಂದ ತಿರುಗಿಸತೊಡಗಿದೆ. ನಾಲ್ಕನೇ ಸುತ್ತಿಗೆ ಚಾಕ್ ಗೆರೆಗಳು ಹತ್ತಿರ ಬಂದವು, ತಪ್ಪಿದವು. ಏಳನೆಯದಕ್ಕೆ ಒಂದೇ ಹಲ್ಲಿನಿಂದ ತಪ್ಪಿದವು! ಹನ್ನೊಂದು, ಇಲ್ಲ. ಹದಿನೈದು, ಇಪ್ಪತ್ತು, ಇಲ್ಲ. ಬೆರಳ ತುದಿ ಕಪ್ಪಾಯಿತು. ಪಕ್ಕದ ಹುಡುಗ ಕೆಲಸ ಬಿಟ್ಟು ಬಂದು ಜೊತೆಗೆ ಎಣಿಸತೊಡಗಿದ.

ತಿರುಗಿಸುತ್ತಲೇ ಮಿಸ್ತ್ರಿಯನ್ನು ಕೇಳಿದೆ, "ಹನ್ನೆರಡು ಹಲ್ಲು, ಮೂವತ್ತಾರು ಹಲ್ಲು ಅಂತ ಸರಿಯಾದ ಲೆಕ್ಕ ಇಡಬಹುದಿತ್ತಲ್ಲ? ನೆಟ್ಟಗೆ ಮೂರು ಪಟ್ಟು ಆಗುತ್ತಿತ್ತು."

"ಇಟ್ರ ಮೂರು ಸುತ್ತಿಗೊಮ್ಮೆ ಅದೇ ಹಲ್ಲಿಗೆ ಅದೇ ಹಲ್ಲು ಬೀಳ್ತದ್ರಿ. ಒಂದು ಹಲ್ಲ ಕೆಟ್ಟಿದ್ರ ಎದುರಿನ ಅವೇ ಹಲ್ಲ ತಿಂದು ಹಾಕ್ತದ. ಇದರಾಗ ಹಂಗಿಲ್ಲ. ಈ ಕಡಿ ಪ್ರತಿಯೊಂದು ಹಲ್ಲೂ ಆ ಕಡಿ ಪ್ರತಿಯೊಂದು ಹಲ್ಲನ್ನೂ ಭೇಟಿ ಆಗ್ತದ. ಎಲ್ಲಾರೂ ಸಮ ಸವೀತಾರ."

ಹನ್ನೊಂದಕ್ಕೂ ಮೂವತ್ತೊಂಬತ್ತಕ್ಕೂ ಒಂದರ ಹೊರತು ಬೇರೆ ಯಾವ ಸಂಖ್ಯೆಯೂ ಸಮನಾಗಿ ಭಾಗಿಸದು. ಬೇಕೆಂದೇ ಆರಿಸಿದ ಜೋಡಿ! ಹನ್ನೊಂದು ಮೂವತ್ತೊಂಬತ್ತಲೆ 429. ಅಷ್ಟೂ ಹಲ್ಲುಭೇಟಿಗಳು ಮುಗಿದ ಮೇಲೆಯೇ ಮೊದಲ ಜೋಡಿಗೆ ಮತ್ತೆ ಸರದಿ.

"ಮೂವತ್ತಾರು," ಎಂದ ಹುಡುಗ. ಗೆರೆಗಳು ದೂರದೂರ ಇದ್ದವು. "ಮೂವತ್ತೇಳು." ಚಹಾದವನೂ ಬಂದು ನಿಂತ. "ಮೂವತ್ತೆಂಟು." ಅರ್ಧ ಸುತ್ತು, ಮುಕ್ಕಾಲು ಸುತ್ತು. ಎರಡು ಬಿಳಿ ಗೆರೆಗಳು ಎರಡು ಕಡೆಯಿಂದ ಉರುಳಿಕೊಂಡು ಬಂದವು, ಹತ್ತಿರ, ಇನ್ನೂ ಹತ್ತಿರ.

"ಮೂವತ್ತೊಂಬತ್ತು!"

ಕೂಡಿದವು!